ಒಂದು ಫ್ಲಡ್ ಟೇಬಲ್, ಮೂರು ಬಗೆಯ ಕುಂಡ: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದಲ್ಲಿರುವುದು ಒಂದೇ ಒಂದು ಫ್ಲಡ್ ಟೇಬಲ್. ಒಳ ಅಳತೆಯಲ್ಲಿ 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ ಮತ್ತು 17 ಸೆಂ.ಮೀ. ಆಳವಿರುವ ಪ್ಲಾಸ್ಟಿಕ್ ತಟ್ಟೆ, ಅದರ ಕೆಳಗೆ ಪೋಷಕಾಂಶ ದ್ರಾವಣ ತುಂಬಿದ 60 ಲೀಟರಿನ ಟ್ಯಾಂಕ್, ಟ್ಯಾಂಕಿನೊಳಗೆ ಮುಳುಗಿರುವ ಪಂಪು, ಪಂಪಿಗೊಂದು ಟೈಮರ್. ಪಂಪು ಓಡಿದಾಗ ದ್ರಾವಣ ತಟ್ಟೆಯಲ್ಲಿ ಏರುತ್ತದೆ. ನಿಗದಿತ ಮಟ್ಟ ಮೀರಿದ್ದು ಓವರ್‌ಫ್ಲೋ ಪೈಪಿನ ಬಾಯಿಂದ ಟ್ಯಾಂಕಿಗೆ ಮರಳುತ್ತದೆ. ಪಂಪು ನಿಂತ ಮೇಲೆ ಉಳಿದದ್ದೆಲ್ಲ ಬಂದ ದಾರಿಯಲ್ಲೇ ಇಳಿದುಹೋಗುತ್ತದೆ. ನೀರು ಏರುವಾಗ ಬೇರಿನ ಸುತ್ತಲಿನ ಹಳೆಯ ಗಾಳಿ ಹೊರದೂಡಲ್ಪಟ್ಟು, ಇಳಿಯುವಾಗ ಹೊಸ ಗಾಳಿ ಒಳಗೆ ಎಳೆಯಲ್ಪಡುತ್ತದೆ. ಈ ವಿಧಾನದ ಶಕ್ತಿಯೆಲ್ಲ ಇರುವುದು ಈ ಉಸಿರಾಟದಲ್ಲಿ. ಆದ್ದರಿಂದ ಇಲ್ಲಿ ಕುಂಡವೆಂದರೆ ಗಿಡವನ್ನು ಹಿಡಿದು ನಿಲ್ಲಿಸುವ ಪಾತ್ರೆ ಮಾತ್ರವಲ್ಲ, ನೀರು ಹತ್ತಿ ಇಳಿಯುವ ದಾರಿಯ ಒಂದು ಭಾಗ.

ಟೇಬಲ್ಲಿನ ಒಡೆಯರು ನನ್ನ ಪರಿಚಿತರು, ಮಣ್ಣಿನ ಬೇಸಾಯದಲ್ಲಿ ಒಳ್ಳೆಯ ಕೈಯಿರುವವರು, ಆದರೆ ಮಣ್ಣಿಲ್ಲದೆ ಪೋಷಕಾಂಶ ದ್ರಾವಣದಿಂದ ಗಿಡ ಬೆಳೆಸುವ ಹೈಡ್ರೋಪೋನಿಕ್ಸ್‌ಗೆ ಹೊಸಬರು. ಅವರು 20 ಸೆಂ.ಮೀ. ಅಂತರದಲ್ಲಿ ಮೂರು ಸಾಲು ಮಾಡಿ ಒಟ್ಟು 18 ಗಿಡ ಇಟ್ಟಿದ್ದರು. ಕುಂಡಗಳು ಮಾತ್ರ ಕೈಗೆ ಸಿಕ್ಕಂತೆ ಮೂರು ಬಗೆಯವು. ಆರು ದಪ್ಪ ಮೆಣಸಿನಕಾಯಿ ಗಿಡಗಳು ನರ್ಸರಿಯ ದುಂಡನೆಯ ಪ್ಲಾಸ್ಟಿಕ್ ಕುಂಡಗಳಲ್ಲಿದ್ದವು. ಎತ್ತರ 17 ಸೆಂ.ಮೀ., ರಂಧ್ರಗಳು ತಳದಲ್ಲಿ ಮಾತ್ರ. ಆರು ಬೇಸಿಲ್ ಗಿಡಗಳು 12 ಸೆಂ.ಮೀ. ಎತ್ತರದ ನೆಟ್ ಪಾಟ್‌ಗಳಲ್ಲಿ, ಅಂದರೆ ಜಾಲರಿಯಂಥ ಕುಂಡಗಳಲ್ಲಿದ್ದವು. ಈ ಎರಡರಲ್ಲೂ ತುಂಬಿದ್ದು ಸುಟ್ಟ ಜೇಡಿಮಣ್ಣಿನ ಗುಂಡು, ಬೆಳೆಗಾರರು ಕ್ಲೇ ಬಾಲ್ ಎನ್ನುವುದು. ಉಳಿದ ಆರು ಲೆಟ್ಯೂಸ್ ಗಿಡಗಳು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಬಿಳಿ ಕಲ್ಲಿನ ಕಣ) ಬೆರೆಸಿ ತುಂಬಿದ, 15 ಸೆಂ.ಮೀ. ಎತ್ತರದ ಬಟ್ಟೆಯ ಚೀಲಗಳಲ್ಲಿದ್ದವು. ಓವರ್‌ಫ್ಲೋ ಪೈಪು 7 ಸೆಂ.ಮೀ. ಎತ್ತರಕ್ಕಿತ್ತು. ದಿನಕ್ಕೆ ನಾಲ್ಕು ಸಲ, ಪ್ರತಿ ಸಲ 15 ನಿಮಿಷ ಪಂಪು ಓಡುತ್ತಿತ್ತು.

ಸಸಿ ನೆಟ್ಟ ಮೊದಲ ಮೂರು ದಿನ ಅವರು ಮೇಲಿನಿಂದಲೂ ಕೈಯಾರೆ ನೀರು ಹಾಕಿದರು. ಅದನ್ನು ನಿಲ್ಲಿಸಿದ ಎರಡೇ ದಿನದಲ್ಲಿ ಮೆಣಸಿನ ಸಸಿಗಳು ಮಧ್ಯಾಹ್ನದ ಹೊತ್ತಿಗೆ ಜೋತುಬೀಳತೊಡಗಿದವು. ಅದೇ ಗುಂಡುಗಳಲ್ಲಿದ್ದ ಬೇಸಿಲ್ ಮಾತ್ರ ನಳನಳಿಸುತ್ತಿತ್ತು. ನೆಟ್ ಪಾಟ್‌ಗೆ ಸುತ್ತಲೂ ಕಂಡಿಗಳಿರುವುದರಿಂದ ಬೇರಿಗೆ ಗಾಳಿ ಚೆನ್ನಾಗಿ ಸಿಗುತ್ತದೆ, ಹಾಗಾಗಿ ಅದರಲ್ಲಿರುವ ಗಿಡ ಚೆನ್ನಾಗಿದೆ ಎಂದು ಅವರು ತೀರ್ಮಾನಿಸಿದರು. ಮೆಣಸಿಗೆ ನೀರು ಸಾಲದೆಂದು ಟೈಮರನ್ನು ದಿನಕ್ಕೆ ಎಂಟು ಸಲಕ್ಕೆ ಏರಿಸಿದರು. ಮೆಣಸು ಸುಧಾರಿಸಲಿಲ್ಲ. ಆದರೆ ಒಂದೂವರೆ ವಾರದೊಳಗೆ ಬಟ್ಟೆ ಚೀಲಗಳ ಮೇಲ್ಮೈ ಪಾಚಿಗಟ್ಟಿತು, ಸಣ್ಣ ಕಪ್ಪು ನುಸಿಗಳು ಹಾರಾಡತೊಡಗಿದವು, ಲೆಟ್ಯೂಸಿನ ಕೆಳಗಿನ ಎಲೆಗಳು ಹಳದಿಯಾದವು. ನನ್ನನ್ನು ಕರೆದದ್ದು ಆಗ. “ದಿನಕ್ಕೆ ಎಂಟು ಸಲ ನೀರು ಕೊಟ್ಟರೂ ಇವು ಬಾಡುತ್ತವೆ, ಪಕ್ಕದಲ್ಲೇ ಅವು ಕೊಳೆಯುತ್ತಿವೆ, ನೀವೇ ನೋಡಿ” ಎಂದರು. ಅವರ ಈ ಒಂದು ಮಾತಿನಲ್ಲೇ ರೋಗನಿದಾನದ ಅರ್ಧ ಭಾಗವಿತ್ತು ಎಂದು ಈಗ ನನಗೆ ಅನ್ನಿಸುತ್ತದೆ.

ಕಡ್ಡಿಯಿಂದ ತಿಳಿದದ್ದು

ಮೊದಲು ಮಾಡಿದ್ದು ಅತ್ಯಂತ ಸರಳವಾದ ಪರೀಕ್ಷೆ. ಬಣ್ಣ ಬಳಿಯದ ಒಣ ಮರದ ಕಡ್ಡಿಗಳನ್ನು ಮೂರೂ ಬಗೆಯ ಕುಂಡಗಳಲ್ಲಿ ತಳ ಮುಟ್ಟುವವರೆಗೆ ಊರಿ, ಒಂದು ಸಲ ನೀರು ಏರಿ ಇಳಿಯಲು ಬಿಟ್ಟು, ಕಡ್ಡಿಯನ್ನು ಹೊರತೆಗೆದು ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ಅಳೆದೆವು. ಎತ್ತರದ ಕುಂಡಗಳಲ್ಲಿ ಕಡ್ಡಿ 9 ಸೆಂ.ಮೀ.ವರೆಗೆ ಮಾತ್ರ ಒದ್ದೆಯಾಗಿತ್ತು. ಆ ಕುಂಡಗಳಲ್ಲಿ ಗುಂಡುಗಳು 16 ಸೆಂ.ಮೀ. ಎತ್ತರಕ್ಕೆ ತುಂಬಿದ್ದವು, ಸಸಿಯ ಬೇರುಹೆಂಟೆ ಮೇಲಿನ 5 ಸೆಂ.ಮೀ.ಯಲ್ಲಿ ಕೂತಿತ್ತು, ಅಂದರೆ ಅದರ ತುದಿ ತಳದಿಂದ 11 ಸೆಂ.ಮೀ. ಮೇಲಿತ್ತು. ನೀರಿಗೂ ಬೇರಿಗೂ ನಡುವೆ ಎರಡು ಸೆಂ.ಮೀ. ಒಣ ಅಂತರ. ದಿನಕ್ಕೆ ನಾಲ್ಕಲ್ಲ, ನಲವತ್ತು ಸಲ ಪಂಪು ಓಡಿಸಿದರೂ ಆ ಅಂತರ ಮುಚ್ಚುವಂತಿರಲಿಲ್ಲ, ಏಕೆಂದರೆ ನೀರು ಎಷ್ಟು ಸಲ ಬರುತ್ತದೆ ಎಂಬುದನ್ನು ಟೈಮರ್ ತೀರ್ಮಾನಿಸಿದರೆ, ಎಷ್ಟು ಎತ್ತರಕ್ಕೆ ಬರುತ್ತದೆ ಎಂಬುದನ್ನು ತೀರ್ಮಾನಿಸುವುದು ಓವರ್‌ಫ್ಲೋ ಪೈಪು.

ನೆಟ್ ಪಾಟ್‌ಗಳಲ್ಲಿಯೂ ಕಡ್ಡಿ ಒದ್ದೆಯಾದದ್ದು ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ. ಆದರೆ ಅವುಗಳಲ್ಲಿ ಗುಂಡುಗಳು ತುಂಬಿದ್ದುದೇ 11 ಸೆಂ.ಮೀ., ಬೇರುಹೆಂಟೆಯ ತುದಿ ಇದ್ದುದು 6 ಸೆಂ.ಮೀ. ಎತ್ತರದಲ್ಲಿ. ಹೀಗಾಗಿ ಪ್ರತಿ ಸಲವೂ ಬೇರು ನೀರನ್ನು ಮುಟ್ಟುತ್ತಿತ್ತು. ಬೇಸಿಲ್ ಚೆನ್ನಾಗಿದ್ದುದಕ್ಕೆ ಕಾರಣ ಕುಂಡದ ಕಂಡಿಗಳಲ್ಲ, ಕುಂಡದ ಗಿಡ್ಡತನ. ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯವೆನಿಸಿದ ಸಂಗತಿ ಇದೇ. ಗಿಡದ ಸ್ಥಿತಿ ನೋಡಿ ಕುಂಡದ ಬಗೆಯನ್ನು ಮೆಚ್ಚುವ ಮೊದಲು ನೀರಿನ ಎತ್ತರವನ್ನೂ ಬೇರಿನ ಎತ್ತರವನ್ನೂ ಅಳೆಯದಿದ್ದರೆ, ತಪ್ಪು ಗುಣಕ್ಕೆ ಕೀರ್ತಿ ಸಲ್ಲಿಸಿ, ಮುಂದಿನ ಬೆಳೆಗೆ ಆ ತಪ್ಪು ಗುಣವನ್ನೇ ಹುಡುಕಿಕೊಂಡು ಹೋಗುತ್ತೇವೆ.

ಬಟ್ಟೆ ಚೀಲಗಳ ಕಥೆ ಇದಕ್ಕೆ ವಿರುದ್ಧ. ಕೋಕೋಪೀಟಿನ ಸೂಕ್ಷ್ಮ ರಂಧ್ರಗಳು ದೀಪದ ಬತ್ತಿಯಂತೆ ನೀರನ್ನು ಮೇಲಕ್ಕೆ ಎಳೆಯುತ್ತವೆ. ಕಡ್ಡಿ ಮೇಲ್ಮೈವರೆಗೂ ಒದ್ದೆಯಾಗಿತ್ತು. ಕ್ಲೇ ಬಾಲ್‌ಗಳ ನಡುವಿನ ಸಂದುಗಳು ದೊಡ್ಡವಾದ್ದರಿಂದ ಅಲ್ಲಿ ಈ ಎಳೆತ ಒಂದೆರಡು ಸೆಂ.ಮೀ.ಗೆ ಮುಗಿಯುತ್ತದೆ. ನೀರು ಇಳಿದ ಎರಡು ಗಂಟೆಯ ಮೇಲೆ ಚೀಲಗಳನ್ನು ತೂಗಿದಾಗ ತೂಕ ಹೆಚ್ಚೇನೂ ಕಡಿಮೆಯಾಗಿರಲಿಲ್ಲ, ಅಷ್ಟರಲ್ಲಿ ಮುಂದಿನ ಸುತ್ತಿನ ನೀರು ಬಂದುಬಿಡುತ್ತಿತ್ತು. ಜೊತೆಗೆ ಚೀಲದ ಹೊರಮೈಯಲ್ಲಿ ಬಿಳಿಯ ಉಪ್ಪು ಕಟ್ಟಿತ್ತು. ಟ್ಯಾಂಕಿನ ದ್ರಾವಣದ ಇಸಿ, ಅಂದರೆ ಕರಗಿದ ಲವಣ ಎಷ್ಟಿದೆ ಎಂದು ತೋರಿಸುವ ವಿದ್ಯುತ್ ವಾಹಕತೆ, 1.6 ಇತ್ತು, ಒಂದು ಚೀಲದ ಮೇಲೆ ಶುದ್ಧ ನೀರು ಸುರಿದು ತಳದಿಂದ ಇಳಿದದ್ದನ್ನು ಅಳೆದಾಗ 3.4 ಬಂತು. ನೀರು ಯಾವಾಗಲೂ ಕೆಳಗಿನಿಂದಲೇ ಏರಿ, ಮೇಲಿನಿಂದಲೂ ಬದಿಗಳಿಂದಲೂ ಆವಿಯಾಗುತ್ತಿದ್ದರೆ ಲವಣ ಅಲ್ಲೇ ಉಳಿಯುವುದು ಸಹಜ. ಬಟ್ಟೆಯ ಕುಂಡ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಮೇಲಿನಿಂದ ನೀರು ಬಿದ್ದು ಕೆಳಗೆ ಸೋಸಿಹೋಗುವ ಹನಿ ನೀರಾವರಿಯಲ್ಲಿ ಅದು ಬಹಳ ಒಳ್ಳೆಯ ಕುಂಡ. ಬದಿ ತಲುಪಿದ ಬೇರಿನ ತುದಿ ಗಾಳಿಗೆ ಒಣಗಿ, ಒಳಗೆ ಹೊಸ ಕವಲುಗಳೊಡೆಯುತ್ತವೆ. ಕೆಳಗಿನಿಂದ ನೀರೇರುವ ಟೇಬಲ್ಲಿನಲ್ಲಿ ಆ ಲಾಭ ಕಡಿಮೆ, ಉಪ್ಪಿನ ಕಾಟ ಹೆಚ್ಚು.

ಹೀಗೆ ಮೂರು ಬಗೆಯ ಕುಂಡಗಳು ಮೂರು ಬೇರೆ ವೇಳಾಪಟ್ಟಿ ಕೇಳುತ್ತಿದ್ದವು, ಇದ್ದುದು ಒಂದೇ ಟೈಮರ್, ಒಂದೇ ನೀರಿನ ಮಟ್ಟ. ಒಬ್ಬರಿಗೆ ಸಾಕಾದದ್ದು ಇನ್ನೊಬ್ಬರಿಗೆ ಅತಿಯಾಗುತ್ತಿತ್ತು. ಒಂದು ಟೇಬಲ್ಲಿನ ಮೇಲೆ ಬೇರೆ ಬೇರೆ ಬೆಳೆಗಳು ಇರಬಹುದು. ಆದರೆ ಕುಂಡಗಳ ಎತ್ತರವೂ ಅವುಗಳೊಳಗಿನ ಮಾಧ್ಯಮವೂ, ಅಂದರೆ ಮಣ್ಣಿನ ಬದಲು ತುಂಬುವ ವಸ್ತುವೂ, ಒಂದೇ ಇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಧ್ಯದಲ್ಲಿ ಕೆಟ್ಟ ಒಂದು ಪ್ರಯತ್ನ

ಪರಿಹಾರವೆಂದು ನಾವು ಮೊದಲು ಯೋಚಿಸಿದ್ದು ಪೈಪನ್ನು ಎತ್ತರಿಸುವುದು. 17 ಸೆಂ.ಮೀ. ಕುಂಡದಲ್ಲಿ ಮಾಧ್ಯಮದ ಮೇಲ್ಮೈಯಿಂದ 3 ಸೆಂ.ಮೀ. ಕೆಳಗಿನವರೆಗೆ ನೀರು ಏರಬೇಕೆಂದರೆ ಮಟ್ಟ 13 ಸೆಂ.ಮೀ. ಆಗಬೇಕು. 120, 60, 13 ಇವುಗಳನ್ನು ಗುಣಿಸಿದರೆ 93.6 ಲೀಟರ್. ಕುಂಡಗಳೊಳಗಿನ ಮಾಧ್ಯಮ ಆಕ್ರಮಿಸುವ ಜಾಗಕ್ಕೆಂದು ಉದಾರವಾಗಿ 20 ಲೀಟರ್ ಕಳೆದರೂ 70ಕ್ಕಿಂತ ಹೆಚ್ಚು ಲೀಟರ್ ಬೇಕು. ಟ್ಯಾಂಕ್ ಇರುವುದೇ 60 ಲೀಟರಿನದು. ತಟ್ಟೆ ತುಂಬುವ ಮೊದಲೇ ಟ್ಯಾಂಕ್ ಬರಿದಾಗಿ, ಪಂಪು ಒಣಗಿ ಓಡಿ ಸುಟ್ಟುಹೋಗುತ್ತಿತ್ತು. ಎತ್ತರದ ಕುಂಡ ಕೊಳ್ಳುವವರು ಅದರೊಡನೆ ದೊಡ್ಡ ಟ್ಯಾಂಕನ್ನೂ ಕೊಳ್ಳುತ್ತಿದ್ದೇವೆ ಎಂಬುದನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಎರಡನೆಯ ಪ್ರಯತ್ನ ಒಡೆಯರದು. ಕುಂಡ ಗಿಡ್ಡವಾಗಿದ್ದು, ಮಾಧ್ಯಮವೂ ನೀರನ್ನು ಎಳೆಯುವಂತಿದ್ದರೆ ಸಾಕಲ್ಲವೇ ಎಂದು ಅವರು ತೆಳ್ಳನೆಯ ಪ್ಲಾಸ್ಟಿಕ್ಕಿನ ಮೂರು ಸಣ್ಣ ಕುಂಡಗಳಲ್ಲಿ ಬರೀ ಪರ್ಲೈಟ್ ತುಂಬಿ ಟೇಬಲ್ಲಿಗಿಟ್ಟರು. ತರ್ಕ ತಪ್ಪಲ್ಲ, ಪರ್ಲೈಟ್ ನೀರನ್ನು ಚೆನ್ನಾಗಿಯೇ ಎಳೆಯುತ್ತದೆ. ಆದರೆ ಒಂದು ಲೀಟರ್ ಒಣ ಪರ್ಲೈಟಿನ ತೂಕ ಸುಮಾರು 100 ಗ್ರಾಂ, ಕುಂಡಗಳ ತಳದಲ್ಲಿ ಇದ್ದುದು ನಾಲ್ಕು ಸಣ್ಣ ರಂಧ್ರ. ಹೊರಗಿನ ನೀರು ಏರಿದಷ್ಟು ಬೇಗ ಒಳಗೆ ನುಗ್ಗಲಾಗದೆ ಕುಂಡ ದೋಣಿಯಂತೆ ಎದ್ದು, ಓರೆಯಾಗಿ ಮಗುಚಿತು. ಬಿಳಿಯ ಕಣಗಳು ತಟ್ಟೆಯ ತುಂಬ ತೇಲಿ, ಇಳಿಯುವ ನೀರಿನೊಡನೆ ಸಾಗಿ ಪಂಪಿನ ಜಾಲರಿಯನ್ನು ಕಟ್ಟಿಹಾಕಿದವು. ಅದನ್ನು ಬಿಡಿಸಿ ತೊಳೆಯಲು ಇಡೀ ಸಂಜೆ ಹಿಡಿಯಿತು. ಆದರೂ ಆ ಪ್ರಯತ್ನದಿಂದ ನಮ್ಮ ಪಟ್ಟಿಗೆ ಎರಡು ಷರತ್ತುಗಳು ಸೇರಿದವು: ಕುಂಡದೊಳಗಿನ ನೀರಿನ ಮಟ್ಟ ಹೊರಗಿನದಕ್ಕಿಂತ ಹೆಚ್ಚು ಹಿಂದೆ ಬೀಳಬಾರದು, ಮತ್ತು ಕುಂಡದ ತಳ ಅಗಲವಾಗಿರಬೇಕು.

ಇದೇ ಹೊತ್ತಿಗೆ ಇನ್ನೊಂದು ಸಲಹೆಯೂ ಬಂತು: ಕುಂಡದ ತಳದಲ್ಲಿ ದಪ್ಪ ಜಲ್ಲಿಯ ಒಂದು ಪದರ ಹಾಕಿ ಅದರ ಮೇಲೆ ಕೋಕೋಪೀಟ್ ತುಂಬಿದರೆ ತೂಕವೂ ಆಗುತ್ತದೆ, ನೀರೂ ಬೇಗ ಬಸಿಯುತ್ತದೆ ಎಂದು. ತೂಕದ ಮಾತು ಸರಿ, ಬಸಿಯುವ ಮಾತು ಸರಿಯಲ್ಲ. ಸಣ್ಣ ರಂಧ್ರಗಳ ಮಾಧ್ಯಮ ತನ್ನ ಕೆಳತುದಿಯಲ್ಲಿ ಒಂದಷ್ಟು ಎತ್ತರಕ್ಕೆ ನೀರನ್ನು ಹಿಡಿದುಕೊಂಡೇ ಇರುತ್ತದೆ. ಕೆಳಗೆ ದಪ್ಪ ಜಲ್ಲಿ ಇದ್ದರೆ ಆ ಒದ್ದೆ ಪಟ್ಟಿ ಜಲ್ಲಿಗೆ ಇಳಿಯುವುದಿಲ್ಲ, ಜಲ್ಲಿಯ ಮೇಲೆ ಕೂರುತ್ತದೆ, ಬೇರಿಗೆ ಉಳಿಯುವ ಗಾಳಿಯ ಜಾಗ ಅಷ್ಟು ಕಡಿಮೆಯಾಗುತ್ತದೆ. ಈ ಪಟ್ಟಿಯ ಎತ್ತರ ಕುಂಡದ ಎತ್ತರವನ್ನಲ್ಲ, ಮಾಧ್ಯಮದ ಕಣಗಳ ಗಾತ್ರವನ್ನು ಅವಲಂಬಿಸಿದೆ. ಆದ್ದರಿಂದಲೇ ಕೋಕೋಪೀಟ್ ತುಂಬಿದ ಗಿಡ್ಡ ಕುಂಡ ಬಹುಪಾಲು ಕೆಸರಿನಂತಿರುತ್ತದೆ, ಎತ್ತರದ ಕುಂಡದಲ್ಲಿ ಮೇಲುಭಾಗ ಉಸಿರಾಡುತ್ತದೆ. ಗಿಡ್ಡ ಕುಂಡಕ್ಕೆ ದಪ್ಪ ಕಣದ ಮಾಧ್ಯಮ, ಎತ್ತರದ ಕುಂಡಕ್ಕೆ ನೀರೆಳೆಯುವ ಮಾಧ್ಯಮ ಎಂಬ ಜೋಡಿ ಇಲ್ಲಿಂದಲೇ ಹುಟ್ಟುತ್ತದೆ.

ಆಯ್ಕೆ

ಅಷ್ಟೆಲ್ಲ ತೊಂದರೆಯಾದರೆ ಕುಂಡವೇ ಬೇಡ, ತಟ್ಟೆಯ ತುಂಬ ಗುಂಡು ಹರಡಿ ನೇರವಾಗಿ ನೆಟ್ಟರಾಗದೇ ಎಂದು ಒಡೆಯರು ಕೇಳಿದರು. ಆಗಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ದಕ್ಷಿಣ ಅಟ್ಲಾಂಟಿಕ್ ಸಾಗರದ ಅಸೆನ್ಷನ್ ದ್ವೀಪದಲ್ಲಿ ಅಮೆರಿಕದ ಸೈನಿಕರಿಗೆ ತರಕಾರಿ ಬೆಳೆದದ್ದು ಜಲ್ಲಿ ತುಂಬಿದ ತೊಟ್ಟಿಗಳಲ್ಲೇ. ಆದರೆ ಅಂಥ ತೊಟ್ಟಿಯಲ್ಲಿ ಬೇರುಗಳೆಲ್ಲ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ರೋಗ ಬಂದ ಒಂದು ಗಿಡವನ್ನು ಕಿತ್ತರೆ ನೆರೆಯ ಗಿಡಗಳ ಬೇರೂ ಹರಿಯುತ್ತದೆ. ಮೆಣಸು ತಿಂಗಳುಗಟ್ಟಲೆ ಇರುವ ಬೆಳೆ, ಲೆಟ್ಯೂಸ್ ಕೆಲವೇ ವಾರಗಳದು. ಇಂಥ ಬೇರೆ ಬೇರೆ ಆಯುಸ್ಸಿನ ಗಿಡಗಳನ್ನು ಒಟ್ಟಿಗೆ ಇಡುವವರಿಗೆ ಪ್ರತ್ಯೇಕ ಕುಂಡವೇ ಬೇಕು.

ಮಣ್ಣಿನ ಕುಂಡವನ್ನು ಹೆಚ್ಚು ಚರ್ಚೆಯಿಲ್ಲದೆ ಬಿಟ್ಟೆವು. ಅದರ ಮೈಯಿಂದಲೂ ನೀರು ಆವಿಯಾಗಿ ಉಪ್ಪು ಕಟ್ಟುತ್ತದೆ, ಭಾರವೂ ಹೆಚ್ಚು. ಸತು ಲೇಪಿತ ತಗಡಿನ ಡಬ್ಬಿಗಳಂತೂ ಬೇಡವೇ ಬೇಡ, ಏಕೆಂದರೆ ಪಿಎಚ್ 6ರ ಆಸುಪಾಸಿನ ಆಮ್ಲೀಯ ದ್ರಾವಣದಲ್ಲಿ ಸತು ಕರಗಿ ಗಿಡಕ್ಕೆ ವಿಷವಾಗಬಹುದು. ಕಲ್ಲು ಕರಗಿಸಿ ಎಳೆದ ನಾರಿನ ರಾಕ್‌ವೂಲ್ ಗಟ್ಟಿಗಳು ಒಳ್ಳೆಯ ಆಯ್ಕೆಯೇ ಆಗಿದ್ದವು, ಆದರೆ ಬಳಸಿದ ಮೇಲೆ ಅವು ಕೊಳೆಯುವುದಿಲ್ಲವಾದ್ದರಿಂದ ಒಡೆಯರು ಬೇಡವೆಂದರು. ನೆಟ್ ಪಾಟ್‌ಗಳನ್ನೇ ಎಲ್ಲಕ್ಕೂ ಬಳಸುವುದನ್ನು ನಾನು ವಿರೋಧಿಸಿದೆ. ಮೂರನೆಯ ವಾರಕ್ಕೇ ಬೇಸಿಲಿನ ಬೇರುಗಳು ಕಂಡಿಗಳಿಂದ ಹೊರಬಂದು ತಟ್ಟೆಯ ಕಾಲುವೆಗಳಲ್ಲಿ ಹರಡಿದ್ದವು. ಒಂದು ಕುಂಡ ಎತ್ತಿದರೆ ಪಕ್ಕದ್ದೂ ಅಲುಗುತ್ತಿತ್ತು, ಒಂದು ಬೇರು ನೀರಿಳಿಯುವ ಬಾಯಿಯವರೆಗೂ ಹೋಗಿತ್ತು. ಬದಿಗಳಿಂದ ಬೆಳಕು ನುಸುಳಿ ಗುಂಡುಗಳೂ ಹಸಿರಾಗಿದ್ದವು. ಮುಚ್ಚಳದ ತೂತಿನಲ್ಲಿ ನೇತಾಡಿಸಲೆಂದು ರೂಪಿಸಿದ ಕುಂಡವನ್ನು ತೆರೆದ ತಟ್ಟೆಯಲ್ಲಿ ನಿಲ್ಲಿಸಿದರೆ ಹೀಗಾಗುವುದೇ.

ಕೊನೆಗೆ ಆರಿಸಿದ್ದು ಗಟ್ಟಿ ಪಾಲಿಪ್ರೊಪಿಲೀನಿನ ಚೌಕ ಕುಂಡಗಳನ್ನು. ಎತ್ತರ ಎಲ್ಲಕ್ಕೂ 12 ಸೆಂ.ಮೀ., ಅಗಲ ಮಾತ್ರ ಎರಡು ಬಗೆ. ಬೇಸಿಲ್ ಮತ್ತು ಲೆಟ್ಯೂಸಿಗೆ ಬಾಯಿ 15, ತಳ 12 ಸೆಂ.ಮೀ. ಇರುವ ಸುಮಾರು 2.2 ಲೀಟರಿನ ಕುಂಡ. ಮೆಣಸಿಗೆ ಬಾಯಿ 20, ತಳ 17 ಸೆಂ.ಮೀ. ಇರುವ ಸುಮಾರು 4.1 ಲೀಟರಿನ ಕುಂಡ. ದೊಡ್ಡ ಗಿಡಕ್ಕೆ ಹೆಚ್ಚು ಜಾಗ ಬೇಕೆಂದಾಗ ಎಲ್ಲರೂ ಕುಂಡವನ್ನು ಎತ್ತರಿಸುತ್ತಾರೆ. ಫ್ಲಡ್ ಟೇಬಲ್ಲಿನಲ್ಲಿ ಅಗಲಿಸಬೇಕು. ಅಗಲಿಸಿದರೆ ನೀರಿನ ಮಟ್ಟ ಎಲ್ಲ ಗಿಡಕ್ಕೂ ಒಂದೇ ಉಳಿಯುತ್ತದೆ. ಇದಕ್ಕೆ ಬೆಲೆಯಾಗಿ ಗಿಡಗಳ ಸಂಖ್ಯೆ ಇಳಿಯಿತು. ತಟ್ಟೆಯ ಅರ್ಧ ಭಾಗದಲ್ಲಿ 30 ಸೆಂ.ಮೀ. ಅಂತರದಲ್ಲಿ ನಾಲ್ಕು ಮೆಣಸು, ಉಳಿದರ್ಧದಲ್ಲಿ 20 ಸೆಂ.ಮೀ. ಅಂತರದಲ್ಲಿ ಒಂಬತ್ತು ಸಣ್ಣ ಕುಂಡ, ಒಟ್ಟು 13. ಐದು ಗಿಡ ಬಿಟ್ಟುಕೊಡಲು ಒಡೆಯರಿಗೆ ಮನಸ್ಸಿರಲಿಲ್ಲ, ಎರಡು ದಿನ ಯೋಚಿಸಿ ಒಪ್ಪಿದರು.

ಮಾಧ್ಯಮ ಎಲ್ಲದರಲ್ಲೂ 8ರಿಂದ 16 ಮಿ.ಮೀ. ಗಾತ್ರದ ಕ್ಲೇ ಬಾಲ್, 11 ಸೆಂ.ಮೀ. ಎತ್ತರಕ್ಕೆ. ನೀರಿನ ಮಟ್ಟ 8 ಸೆಂ.ಮೀ. ಮೇಲ್ಮೈ ಒಣಗಿಯೇ ಇರುವುದರಿಂದ ಪಾಚಿಗೂ ನುಸಿಗೂ ಆಸರೆಯಿಲ್ಲ. ಬೇರುಹೆಂಟೆಯ ತುದಿ 6 ಸೆಂ.ಮೀ. ಎತ್ತರಕ್ಕೆ ಬರುವಂತೆ ಆಳವಾಗಿ ನೆಟ್ಟೆವು. ತಟ್ಟೆ 8 ಸೆಂ.ಮೀ. ತುಂಬಲು ಲೆಕ್ಕಕ್ಕೆ 57.6 ಲೀಟರ್ ಬೇಕು, ಕುಂಡಗಳು ಸುಮಾರು 11 ಲೀಟರಿನ ಜಾಗ ತೆಗೆದುಕೊಳ್ಳುತ್ತವೆ, ಉಳಿಯುವುದು 46 ಅಥವಾ 47. ಅಂದರೆ ತುಂಬಿದ ಹೊತ್ತಿನಲ್ಲೂ ಟ್ಯಾಂಕಿನಲ್ಲಿ 13 ಲೀಟರಿನಷ್ಟು ನೀರಿದ್ದು ಪಂಪು ಮುಳುಗಿಯೇ ಇರುತ್ತದೆ.

ರಂಧ್ರಗಳ ವಿಷಯದಲ್ಲಿ ನಾನು ತುಸು ಹಟ ಹಿಡಿದೆ, ಹಿಡಿದದ್ದು ಸರಿಯಾಯಿತು. ಹಳೆಯ ದುಂಡು ಕುಂಡಗಳನ್ನು ನೀರಿಳಿದ ಮೇಲೆ ಎತ್ತಿದಾಗ ಪ್ರತಿಯೊಂದರಿಂದಲೂ ನೀರು ಸುರಿಯುತ್ತಿತ್ತು. ಸಪಾಟಾದ ತಳ ಸಪಾಟಾದ ತಟ್ಟೆಗೆ ಅಂಟಿ ಕೂತು ರಂಧ್ರಗಳೆಲ್ಲ ಮುಚ್ಚಿಹೋಗಿ, ಕೊನೆಯ ಎರಡು ಸೆಂ.ಮೀ. ನೀರು ಒಳಗೇ ಉಳಿಯುತ್ತಿತ್ತು. ಬೇರುಗಳು ತಳದವರೆಗೆ ಇಳಿದಿದ್ದರೆ ಉಸಿರಾಡಬೇಕಾದ ಹೊತ್ತಿನಲ್ಲಿ ನಿಂತ ನೀರಿನಲ್ಲಿರುತ್ತಿದ್ದವು. ನೀರು ಬೆಚ್ಚಗಾದಷ್ಟೂ ಈ ದೋಷ ದುಬಾರಿಯಾಗುತ್ತದೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ, 30 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು 7.5 ಮಿಲಿಗ್ರಾಂ, ಅದೇ ವೇಳೆ ಬೇರಿನ ಉಸಿರಾಟದ ಬೇಡಿಕೆ ಏರುತ್ತದೆ. ಆದ್ದರಿಂದ ತಳದ ಅಂಚಿನಲ್ಲಿ, ಅರ್ಧ ತಳದಲ್ಲೂ ಅರ್ಧ ಬದಿಯಲ್ಲೂ ಕೊರೆದಂತಿರುವ 6 ಮಿ.ಮೀ. ಅಗಲದ ಹನ್ನೆರಡು ಕಂಡಿಗಳಿರುವ, ಕೆಳಗೆ ಪುಟ್ಟ ಕಾಲುಗಳಿರುವ ಕುಂಡಗಳನ್ನೇ ಆರಿಸಿದೆವು. ಅಷ್ಟು ಅಗಲದಲ್ಲಿ ಗುಂಡುಗಳು ಹೊರಬೀಳುವುದಿಲ್ಲ. ಕುಂಡದೊಳಗೆ ಒಂದು ಪಾರದರ್ಶಕ ಕೊಳವೆ ಊರಿ ನೋಡಿದಾಗ ಒಳಗಿನ ನೀರು ಹೊರಗಿನದರ ಜೊತೆಜೊತೆಗೇ ಏರುತ್ತಿತ್ತು, ಒಂದು ಕುಂಡವೂ ಅಲುಗಲಿಲ್ಲ.

ಬಣ್ಣದ ಪ್ರಶ್ನೆ ಚಿಕ್ಕದು, ಆದರೆ ಬಿಡುವಂತಿಲ್ಲ. ಕಪ್ಪು ಕುಂಡ ಬಿಸಿಲಿಗೆ ಕಾಯುತ್ತದೆ, ತೆಳ್ಳನೆಯ ಬಿಳಿ ಕುಂಡ ಬೆಳಕನ್ನು ಒಳಬಿಡುತ್ತದೆ. ಕುಂಡದೊಳಗೆ ಕೈಯಿಟ್ಟು ಬೆಳಕಿಗೆ ಹಿಡಿದಾಗ ಹೊರಗಿನಿಂದ ಬೆರಳಿನ ನೆರಳು ಕಂಡರೆ ಆ ಕುಂಡ ಬೇಡ. ಹೊರಗೆ ಬಿಳಿ, ಒಳಗೆ ಕಪ್ಪು ಇರುವ ಎರಡು ಪದರದವು ನಮಗೆ ಸಿಕ್ಕವು.

ಬದಲಾವಣೆಯ ನಂತರ

ಗಿಡಗಳನ್ನು ಒಂದೇ ದಿನ ಬದಲಿಸಲಿಲ್ಲ. ಲೆಟ್ಯೂಸನ್ನು ಕೊಯ್ದು, ಬಟ್ಟೆ ಚೀಲಗಳನ್ನು ಟೇಬಲ್ಲಿನಿಂದ ಹೊರಗಿಟ್ಟೆವು. ಕೋಕೋಪೀಟ್ ಹಿಡಿದ ಬೇರನ್ನು ಗುಂಡುಗಳಿಗೆ ವರ್ಗಾಯಿಸಿದರೆ ಅದರ ಪುಡಿ ಇಡೀ ದ್ರಾವಣಕ್ಕೆ ಸೇರುತ್ತದೆ. ಮೆಣಸಿನ ಆರು ಸಸಿಗಳಲ್ಲಿ ಗಟ್ಟಿಯಾದ ನಾಲ್ಕನ್ನು ಉಳಿಸಿಕೊಂಡೆವು. ನೆಟ್ ಪಾಟ್‌ಗಳನ್ನು ಬೇರಿನಿಂದ ಎಳೆದು ಬಿಡಿಸಲು ಹೋಗದೆ ಕತ್ತರಿಯಿಂದ ಕುಂಡವನ್ನೇ ಸೀಳಿ ತೆಗೆದೆವು. ಹೊಸ ಗುಂಡುಗಳನ್ನು ಧೂಳು ಹೋಗುವವರೆಗೆ ತೊಳೆದು ಒಂದು ರಾತ್ರಿ ನೆನೆಸಿದ್ದರಿಂದ ಮೊದಲ ನೀರಿನಲ್ಲಿ ಯಾವುದೂ ತೇಲಲಿಲ್ಲ. ಕ್ಲೇ ಬಾಲ್ ನೀರನ್ನು ಹೆಚ್ಚು ಹೊತ್ತು ಹಿಡಿದಿಡದ ಕಾರಣ ಟೈಮರನ್ನು ಹಗಲು ಐದು ಸಲ, ರಾತ್ರಿ ಒಂದು ಸಲಕ್ಕೆ ಇಟ್ಟೆವು. ಪ್ರತಿ ಸಲ ಪಂಪು ಓಡುವುದು ಹತ್ತು ನಿಮಿಷ.

ನಾಲ್ಕನೆಯ ದಿನದಿಂದ ಮೆಣಸು ಮಧ್ಯಾಹ್ನ ಜೋತುಬೀಳುವುದು ನಿಂತಿತು. ಮೂರನೆಯ ವಾರದಲ್ಲಿ ಒಂದು ಕುಂಡ ಎತ್ತಿ ನೋಡಿದಾಗ ಬೇರುಗಳು ಬೆಳ್ಳಗಿದ್ದವು, ಕೆಳಗೆ ನಿಂತ ನೀರಿರಲಿಲ್ಲ. ಎಲ್ಲವೂ ಸರಿಹೋಯಿತೆಂದಲ್ಲ. 12 ಸೆಂ.ಮೀ. ಎತ್ತರದ ಕುಂಡದಲ್ಲಿ ಎತ್ತರಕ್ಕೆ ಬೆಳೆದ ಮೆಣಸಿನ ಗಿಡ ಕಾಯಿ ಹಿಡಿದಾಗ ತಾನಾಗಿ ನಿಲ್ಲದು, ಮೇಲಿನಿಂದ ದಾರ ಕಟ್ಟಿ ಹಿಡಿಸಬೇಕಾಯಿತು. ಆರನೆಯ ವಾರಕ್ಕೆ ಇಲ್ಲೂ ಕಂಡಿಗಳಿಂದ ಬೇರು ಹೊರಬಂದವು. ವಾರಕ್ಕೊಮ್ಮೆ ಕುಂಡ ಎತ್ತಿ, ಹೊರಬಂದದ್ದನ್ನು ಕತ್ತರಿಸಿ, ಕುಂಡವನ್ನು ತುಸು ತಿರುಗಿಸಿ ಇಡುತ್ತಾರೆ. ಗುಂಡುಗಳ ಮೇಲೆ ತೆಳುವಾಗಿ ಕಾಣುವ ಉಪ್ಪಿಗಾಗಿ ಎರಡು ವಾರಕ್ಕೊಮ್ಮೆ ಮೇಲಿನಿಂದ ಬರೀ ನೀರು ಸುರಿದು ತೊಳೆಯುತ್ತಾರೆ. ಟೇಬಲ್ಲಿನ ದೂರದ ಮೂಲೆಯಲ್ಲಿದ್ದ ಎರಡು ಕುಂಡಗಳು ಮಾತ್ರ ಉಳಿದವುಗಳಿಗಿಂತ ಹಿಂದೆ ಬಿದ್ದಿದ್ದವು. ಮಟ್ಟಗೋಲು ಇಟ್ಟು ನೋಡಿದರೆ ತಟ್ಟೆ ಆ ಮೂಲೆಯ ಕಡೆಗೇ ಇಳಿಜಾರಾಗಿತ್ತು, ಕುಂಡದ ಕಾಲುಗಳು ಸದಾ ನೀರಿನಲ್ಲಿದ್ದವು. ಆ ಬದಿಯ ಸ್ಟ್ಯಾಂಡಿನ ಕಾಲುಗಳ ಕೆಳಗೆ ಒಂದು ಸೆಂ.ಮೀ. ದಪ್ಪದ ಹಲಗೆ ಚೂರುಗಳನ್ನಿಟ್ಟ ಮೇಲೆ ನೀರು ಪೂರ್ತಿ ಇಳಿಯತೊಡಗಿತು. ಮಟ್ಟ ಬದಲಾದದ್ದರಿಂದ ಎಲ್ಲ ಕುಂಡಗಳಲ್ಲೂ ಕಡ್ಡಿ ಊರಿ ಮತ್ತೊಮ್ಮೆ ಅಳೆದೆವು. ಎತ್ತರವಾದ ಬದಿಯಲ್ಲಿ ನೀರು ಒಂದು ಸೆಂ.ಮೀ. ಕಡಿಮೆ ಏರುತ್ತಿತ್ತು, ಓವರ್‌ಫ್ಲೋ ಪೈಪನ್ನು ಅರ್ಧ ಸೆಂ.ಮೀ. ಮೇಲಕ್ಕೆಳೆದು ಅದರಲ್ಲಿ ಅರ್ಧವನ್ನು ಸರಿದೂಗಿಸಿದೆವು.